ಕೋಟೆ ಬಾಗಿಲಲ್ಲಿ ಹೆಸರು ಕೇಳಿದರೆ

"ನಾನು ಕೊತ್ವಾಲನಾಗಿರುವ ತನಕ ಈ ಗುಲ್‌ಪೇಟೆ ಕೋಟೆಯೊಳಗೆ ಆ ಹೆಸರು ಕೇಳಿಬರಕೂಡದು!"

ಶಂಶೇರ್ ಬೇಗ್ ಹೀಗೆ ಗುಡುಗಿದಾಗ ರೊಟ್ಟಿ ಸುಡುವ ಇನಾಸ್ ಒಲೆಗೆ ಪಾವ್ ಇಡುತ್ತಿದ್ದ.

"ಯಾವ ಹೆಸರು, ಸಾಹೇಬರೇ?"

"ಹಿಟ್ಟು ನಾದುವಾಗ ಗೊಣಗುತ್ತೀಯಲ್ಲ, ಜೆಜು ಜೆಜು ಅಂತ. ಅದೇ!"

ಗೋವೆ ಕಡೆಯ ಕ್ರೈಸ್ತನಾದ ಇನಾಸನಿಗೆ ತನ್ನ ದೇವರ ಆ ಹೆಸರು ಉಸಿರಾಟದಷ್ಟೇ ರೂಢಿ. ಹಿಟ್ಟು ಉಬ್ಬಲಿ ಅಂತ ಒಂದು ಸಲ, ಕೈ ಸುಟ್ಟರೆ ಹತ್ತು ಸಲ. ಅವನ ಪಾವ್ ಅಂದರೆ ನವಾಬರಿಗೆ ಪ್ರಾಣ. ಅವರೇ ಅವನನ್ನು ಕರೆಸಿಕೊಂಡು, ಕೊತ್ವಾಲನ ಮನೆ ಪಕ್ಕದಲ್ಲಿ ಜಾಗ ಕೊಟ್ಟಿದ್ದರು. ಕೊತ್ವಾಲನಿಗೋ ಅದೇ ಜಾಗದಲ್ಲಿ ತನ್ನ ಕುದುರೆಗಳಿಗೆ ಲಾಯ ಕಟ್ಟಿಸುವ ಆಸೆ. ಬೇರೆ ಯಾವ ನೆಪವೂ ಸಿಗದೆ ಕೊನೆಗೆ ಧರ್ಮವನ್ನು ಹಿಡಿದುಕೊಂಡಿದ್ದ. ಧರ್ಮದ ಮಾತು ಬಂದರೆ ನವಾಬರು ಬಾಯಿ ಬಿಡುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಬೆಳಗಿನ ಪಾವ್‌ಗೆಂದು ಸಕೀನಾಬಿ ಬಂದಳು. ಆಕೆ ದರ್ಬಾರಿನ ದುಭಾಷಿ. ಗೋವೆ, ಮಸ್ಕತ್, ಬಸ್ರಾ ಎಲ್ಲ ಸುತ್ತಿದವಳು. ಏಳು ಭಾಷೆಯಲ್ಲಿ ಬೈಯಬಲ್ಲಳು, ಹೊಗಳುವುದು ಮಾತ್ರ ಎರಡರಲ್ಲಿ.

"ಒಳ್ಳೆ ವೇಳೆಗೆ ಬಂದೆ, ಬೀಬಿ. ಒಂದು ಫರ್ಮಾನು ಬರಿ," ಎಂದ ಕೊತ್ವಾಲ. "ಕೋಟೆ ಬಾಗಿಲಲ್ಲಿ ಪ್ರತಿಯೊಬ್ಬನ ಹೆಸರು ಕೇಳಬೇಕು. ಜೆಜು ಎಂಬ ಹೆಸರಿನವನನ್ನು, ಆ ಹೆಸರು ಎತ್ತಿದವನನ್ನು, ಯಾರೇ ಆಗಿರಲಿ, ಕತ್ತು ಹಿಡಿದು ಹೊರಗೆ ದಬ್ಬಬೇಕು."

"ಯಾರೇ ಆಗಿರಲಿ?"

"ಯಾರೇ ಆಗಿರಲಿ! ಒಂದಕ್ಷರ ಬಿಡಬೇಡ."

ಸಕೀನಾಬಿ ಒಂದಕ್ಷರವನ್ನೂ ಬಿಡಲಿಲ್ಲ. ಬರೆದು ಮುಗಿಸಿ, ಬಿಸಿ ಪಾವ್ ಎತ್ತಿಕೊಂಡು ಹೊರಟೇ ಹೋದಳು. ಇನಾಸನ ಹೆಂಡತಿಗೆ ಏಳು ತಿಂಗಳು. ಒಲೆ ಕಟ್ಟಲು ಒಂದು ಮಳೆಗಾಲ, ಒಂದು ಬೇಸಿಗೆ ಹಿಡಿದಿತ್ತು. ದಿನಾ ತನ್ನ ಪಾವ್ ತಿನ್ನುವ ಹೆಂಗಸು ಹೀಗಾ ಮಾಡುವುದು?

ಮರುದಿನ ದರ್ಬಾರು. ದುಭಾಷಿ ದರ್ಬಾರಿನ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಫರ್ಮಾನಿಗೆ ಮೊಹರು ಬೀಳಬೇಕೆಂಬುದು ಅಲ್ಲಿಯ ರಿವಾಜು. ಇನಾಸ್ ಕಂಬಕ್ಕೆ ಒರಗಿ ನಿಂತಿದ್ದ.

ಸಕೀನಾಬಿ ಗಂಟಲು ಸರಿಮಾಡಿಕೊಂಡು ಓದಿದಳು: "ಈಸಾ ಅಲೈಹಿಸ್ಸಲಾಂ ಎಂಬವರು, ಅಥವಾ ಅವರ ಹೆಸರು ಎತ್ತಿದವರು, ಯಾರೇ ಆಗಿರಲಿ, ಅವರನ್ನು ಕತ್ತು ಹಿಡಿದು ಹೊರಗೆ..."

"ತೋಬಾ ತೋಬಾ!" ಖಾಜಿ ಬುರ್ಹಾನ್ ಸಾಹೇಬರು ಕುಳಿತಲ್ಲಿಂದ ಎಗರಿದರು. "ಯಾವ ಕತ್ತೆ ಬರೆಸಿದ್ದು ಇದನ್ನು?"

ಎಲ್ಲರೂ ಕೊತ್ವಾಲನತ್ತ ನೋಡಿದರು.

"ನಾನು ಹೇಳಿದ್ದು ಜೆಜು!" ಕೊತ್ವಾಲ ಬೆವತ. "ಈಸಾ ಅಂತ ಹೇಳಲೇ ಇಲ್ಲ!"

"ಪ್ರವಾದಿಯ ಹೆಸರಿನ ಜೊತೆ ಸಲಾಂ ಸೇರಿಸು!" ಎಂದರು ಖಾಜಿ.

"ಅಲೈಹಿಸ್ಸಲಾಂ! ಅಲೈಹಿಸ್ಸಲಾಂ!"

"ಗೋವೆಯವರ ಬಾಯಲ್ಲಿ ಜೆಜು, ನಮ್ಮ ಬಾಯಲ್ಲಿ ಈಸಾ," ಎಂದಳು ಸಕೀನಾಬಿ. "ಅನುವಾದ ತಪ್ಪಿದ್ದರೆ ಖಾಜಿ ಸಾಹೇಬರು ಹೇಳಲಿ."

"ತಪ್ಪೇನಿಲ್ಲ. ಬೀಬಿ ಮರಿಯಂ ಅವರ ಮಗ. ತಂದೆಯಿಲ್ಲದೆ ಹುಟ್ಟಿದವರು. ತೊಟ್ಟಿಲಲ್ಲೇ ಮಾತಾಡಿದವರು. ಮಣ್ಣಿನ ಹಕ್ಕಿಗೆ ಊದಿದರೆ ಅಲ್ಲಾಹನ ಅಪ್ಪಣೆಯಿಂದ ಅದು ಹಾರಿಹೋಯಿತು. ಅವರು ಪ್ರವಾದಿಗಳೆಂದು ಒಪ್ಪದವನು ಮುಸಲ್ಮಾನನೇ ಅಲ್ಲ!"

ಇನಾಸನಿಗೆ ಭಯ ಮರೆತೇ ಹೋಯಿತು. "ಹಕ್ಕಿ ಕತೆ ನಮ್ಮ ಪಾದ್ರಿ ಹೇಳಲೇ ಇಲ್ಲವಲ್ಲ! ಅಂದರೆ ದೇವರ ಮಗನನ್ನ ನೀವೂ..."

"ಅಲ್ಲಿಗೇ ನಿಲ್ಲಿಸು," ಖಾಜಿ ಬೆರಳೆತ್ತಿದರು. "ಪ್ರವಾದಿ. ಮಗ ಅಲ್ಲ. ಅಲ್ಲಾಹನಿಗೆ ಮಕ್ಕಳಿಲ್ಲ."

"ನಮ್ಮ ಪಾಲಿಗೆ ಮಗನೇ, ಸಾಹೇಬರೇ. ನಮಗಾಗಿ ಶಿಲುಬೆ ಏರಿದ."

"ಏರಲಿಲ್ಲ! ಅಲ್ಲಾಹನು ಅವರನ್ನು ಮೇಲಕ್ಕೆ ಎತ್ತಿಕೊಂಡ."

"ಏರಿದ ಅಂದರೆ ಏರಿದ!"

ನವಾಬರು ಕಿವಿ ಮುಚ್ಚಿಕೊಂಡರು. "ಸಕೀನಾ, ಇವರಿಬ್ಬರನ್ನು ನಿಲ್ಲಿಸು."

"ನಿಲ್ಲಿಸುವುದು ಬೇಡ, ಹುಜೂರ್. ಇದು ತೀರುವ ಜಗಳವಲ್ಲ, ನಮ್ಮ ಮೊಮ್ಮಕ್ಕಳಿಗೂ ಸ್ವಲ್ಪ ಉಳಿಯಲಿ. ಇಬ್ಬರಿಗೂ ಒಂದೇ ಪ್ರಶ್ನೆ. ಖಾಜಿ ಸಾಹೇಬರೇ, ಈಸಾ ಅಲೈಹಿಸ್ಸಲಾಂ ಈಗ ಎಲ್ಲಿದ್ದಾರೆ?"

"ಮೇಲೆ."

"ಇನಾಸಪ್ಪ, ನಿನ್ನ ಜೆಜು?"

"ಮೇಲೆಯೇ, ಬೀಬಿಯಮ್ಮ."

"ಅಲ್ಲೇ ಇರುತ್ತಾರೋ?"

"ಇಲ್ಲ, ಮತ್ತೆ ಬರುತ್ತಾರೆ!" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಬಂದಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಕೀನಾಬಿ ನವಾಬರತ್ತ ತಿರುಗಿದಳು. "ನನಗೆ ಅರ್ಥವಾಗದ್ದು ಇಷ್ಟೇ, ಹುಜೂರ್. ಅವರು ಬರುವುದು ಖಂಡಿತ. ಯಾವ ದಿನ ಅಂತ ಗೊತ್ತಿಲ್ಲ. ಅಷ್ಟು ದೂರದಿಂದ ಇಳಿದು, ದಣಿದು, ಒಂದು ದಿನ ನಮ್ಮ ಕೋಟೆ ಬಾಗಿಲಿಗೂ ಬರುತ್ತಾರೆ ಅಂತಿಟ್ಟುಕೊಳ್ಳಿ. ಕೊತ್ವಾಲ್ ಸಾಹೇಬರು ಈಟಿ ಅಡ್ಡ ಹಿಡಿದು 'ಹೆಸರೇನು?' ಅಂತಾರೆ. ಅವರು ಸುಳ್ಳು ಹೇಳುವವರಲ್ಲ, ಇದ್ದ ಹೆಸರನ್ನೇ ಹೇಳುತ್ತಾರೆ. ಆಮೇಲೆ..." ಅವಳು ಕಾಗದವನ್ನು ಕಣ್ಣಿನ ಹತ್ತಿರ ತಂದಳು, "'ಯಾರೇ ಆಗಿರಲಿ, ಕತ್ತು ಹಿಡಿದು.' ಲೋಕವೆಲ್ಲ ಕಾಯುತ್ತಿರುವವರನ್ನು ಕೊತ್ವಾಲರ ಕುದುರೆ ಲಾಯಕ್ಕಾಗಿ ಹೊರಗೆ ದಬ್ಬಿದ ಊರು ಅಂತ ನಮಗೆ ಹೆಸರು ಬರುತ್ತದೆ. ಮೊಹರು ಎಲ್ಲಿ ಒತ್ತಲಿ, ಹುಜೂರ್?"

"ಲಾಯವೇ?" ನವಾಬರು ಹುಬ್ಬೇರಿಸಿದರು. ಕೊತ್ವಾಲನ ಮುಖ ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಸಿಂಹಾಸನ. ನಕ್ಕು ನಕ್ಕು ಫರ್ಮಾನನ್ನು ಎರಡು ತುಂಡು ಮಾಡಿದರು.

"ಇನಾಸ್, ಆ ಒಲೆ ನಿನ್ನದು, ನಿನ್ನ ಮಕ್ಕಳದು. ಸಕೀನಾ, ಈ ಶಾಲು ನಿನಗೆ. ಕೊತ್ವಾಲ್, ನಾಳೆಯಿಂದ ಬಾಗಿಲಲ್ಲಿ ನೀನೇ ನಿಲ್ಲು. ಬರುವವರು ಯಾರೋ ಏನೋ, ನಮಗೇನು ಗೊತ್ತು? ಒಬ್ಬೊಬ್ಬರಿಗೂ ಸಲಾಂ ಹೊಡೆ."

ಮರುದಿನ ಬೆಳಿಗ್ಗೆ ಇನಾಸ್ ಕಟ್ಟಿಗೆ ಹೊರೆ ಹೊತ್ತು ಹೊರಗಿನಿಂದ ಬಂದ. ಹಲ್ಲು ಕಡಿಯುತ್ತ ಕೊತ್ವಾಲ ಕೈಯನ್ನು ಹಣೆಗೆ ಒಯ್ದ. ಕೊತ್ವಾಲಗಿರಿಯ ಹಳೇ ಚಾಳಿ, ಬಾಯಿ ತಪ್ಪಿ ಬಂತು: "ಹೆಸರೇನು?"

ಹಿಂದೆಯೇ ಹೊಸ ಶಾಲು ಹೊದ್ದು ಬರುತ್ತಿದ್ದ ಸಕೀನಾಬಿ ಅಂದಳು: "ಕೇಳಬೇಡಿ, ಸಾಹೇಬರೇ. ಯಾರಾದರೂ ನಿಜ ಹೇಳಿಬಿಟ್ಟರೆ ಕಷ್ಟ."