ಹಾವಿನ ಪೊರೆಯ ಪಾಠ

ಬಾಲವಿಲ್ಲದ ಅಳಿಲು ಬದುಕುವುದಿಲ್ಲ ಎಂದು ಮೊದಲು ಹೇಳಿದವಳು ಹೊಂಗವ್ವನ ಸ್ವಂತ ಸೋದರತ್ತೆ.

"ಗಿಡುಗ ಬಾಲ ಕಿತ್ತುಕೊಂಡು ಹೋಗಿದೆ. ಇನ್ನು ಕೊಂಬೆಯ ಮೇಲೆ ತೂಕ ಹಿಡಿಯೋದು ಹೇಗೆ? ನಾಲ್ಕು ದಿನ ಇದ್ದಾಳು, ಅಷ್ಟೆ" ಎಂದಳು ಅತ್ತೆ. ಆಮೇಲೆ ಅದನ್ನೇ ಕಾಗೆ ಹೇಳಿತು. ಕುಟುರ ಹಕ್ಕಿಯನ್ನು ಯಾರೂ ಕೇಳಿರಲಿಲ್ಲ, ಆದರೂ ಅದು ಇಡೀ ಮಧ್ಯಾಹ್ನ ಕೂತು ಅದನ್ನೇ ಕೂಗಿತು.

ಮಕ್ಕಳೇ, ಹೊಂಗವ್ವ ಎದ್ದು ಹೊರಟಳು. ಕಲ್ಲುಗುಡ್ಡದ ಕೆಳಗೆ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಹಳೆಯ ಹುಣಸೆಮರವಿತ್ತು. ಅವಳು ಅದನ್ನು ಹತ್ತಿದಳು. ಬಿದ್ದಳು. ಮತ್ತೆ ಹತ್ತಿದಳು. ಯಾವ ಕೊಂಬೆ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದನ್ನು ಅವಳ ಪಕ್ಕೆಲುಬುಗಳೇ ಅವಳಿಗೆ ಹೇಳಿಕೊಟ್ಟವು. ಯಾವ ಹಣ್ಣು ಕಹಿ ಎಂದು ನಾಲಿಗೆ ಹೇಳಿತು. ಹಾವು ಹೇಗೆ ಬರುತ್ತದೆ ಎಂಬುದನ್ನು ಒಂದು ಬೇಸಿಗೆಯಲ್ಲಿ ಅವಳು ಒಂದು ಗೇಣು ದೂರದಿಂದ ನೋಡಿದಳು. ಅಂದಿನಿಂದ ಅದನ್ನು ಮರೆಯಲಿಲ್ಲ.

ಹೀಗೆ ಏಳು ಮಳೆಗಾಲ ಕಳೆದವು. ಅತ್ತೆ ತೀರಿಕೊಂಡಳು. ಹೊಂಗವ್ವ ಬದುಕಿದ್ದಳು.

ಆಗ ಅವಳು ಒಂದು ಶಾಲೆ ತೆರೆದಳು. ಹುಣಸೆಮರದ ನಡುಕೊಂಬೆಯಲ್ಲಿ ಒಂದು ಸಣ್ಣ ಪೊಟರೆಯಿತ್ತು. ಅದನ್ನು ಹಲ್ಲಿನಿಂದಲೇ ಕೆರೆದು ಹಸನು ಮಾಡಿದಳು. ಕೆಳಗೆ ಹತ್ತಿ ಹಾಸಿದಳು. ಅಕ್ಕಪಕ್ಕದ ಮರಗಳಿಂದ ಹನ್ನೊಂದು ಅಳಿಲು ಮರಿಗಳು ಬಂದವು. ತಾಯಂದಿರು ಅವನ್ನು ನಸುಕಿನಲ್ಲೇ ಬಾಯಲ್ಲಿ ಕಚ್ಚಿ ತಂದು ಬಿಟ್ಟು, ಕತ್ತಲಾಗುವಾಗ ಒಯ್ಯುತ್ತಿದ್ದರು. ನವಣೆ, ಸಜ್ಜೆ, ಹುರುಳಿ, ಅಲಸಂದೆ, ಹೀಗೆ ಎಲ್ಲರಿಗೂ ಕಾಳಿನ ಹೆಸರು. ಅವರಲ್ಲಿ ನವಣೆ ಎಲ್ಲರಿಗಿಂತ ಚಿಕ್ಕವಳು. ಅವಳ ತಾಯಿ ಬೋರವ್ವ ಬೋರೆಗಿಡದಲ್ಲಿ ವಾಸವಾಗಿದ್ದಳು.

"ನಾನು ಬಿದ್ದು ಕಲಿತೆ. ನನ್ನ ಮಕ್ಕಳು ಬೀಳದೆ ಕಲಿಯಬೇಕು" ಎಂದು ಹೊಂಗವ್ವ ಮೊದಲ ದಿನವೇ ನಿಶ್ಚಯಿಸಿದಳು.

ಅದಕ್ಕಾಗಿ ಅವಳು ಕಾಡನ್ನೆಲ್ಲ ಸುತ್ತಿ ಪಾಠದ ಸಾಮಾನು ತಂದಿಟ್ಟಳು. ಗಿಡುಗದ ಒಂದು ಗರಿ. ಕಾಡುಬೆಕ್ಕಿನ ಒಂದು ಹಿಡಿ ಕೂದಲು. ಒಣಗಿದ ಬೇವಿನ ಹಣ್ಣು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಹಾವಿನ ಪೊರೆ. ಹಾವು ಬಿಟ್ಟುಹೋದ ಆ ಪೊರೆಯನ್ನು ಅವಳು ಮುಳ್ಳಿನ ಪೊದೆಯೊಳಗಿಂದ ಮೈಯೆಲ್ಲ ಗೀರಿಸಿಕೊಂಡು ಎಳೆದು ತಂದಿದ್ದಳು. ಅದನ್ನು ಪೊಟರೆಯ ಗೋಡೆಯ ಮೇಲೆ ಉದ್ದಕ್ಕೆ ತೂಗುಹಾಕಿದ್ದಳು.

"ಬರೀ ಬಾಯಿಪಾಠ ನನ್ನ ಶಾಲೆಯಲ್ಲಿಲ್ಲ. ನನ್ನ ಮಕ್ಕಳು ಮುಟ್ಟಿ ಕಲಿಯುತ್ತಾರೆ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಮರಿಗಳು ದಿನವೂ ಪೊರೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದವು.

"ಹಾವು ಹೇಗಿರುತ್ತದೆ?"

"ಬಿಳಿ! ಒಣ! ಹಗುರ! ಮುಟ್ಟಿದರೆ ಪರಪರ ಅನ್ನುತ್ತದೆ!"

"ಹಾವು ಕಂಡರೆ?"

"ಕಿರುಚಬೇಕು! ಮೇಲಕ್ಕೆ ಹತ್ತಬೇಕು!"

ಹನ್ನೊಂದು ದನಿ ಒಂದೇ ಆಗಿ ಹೊರಬಂದಾಗ ಹೊಂಗವ್ವನ ಎದೆ ಉಬ್ಬುತ್ತಿತ್ತು.

ಮೂರು ತಿಂಗಳಲ್ಲಿ ಆ ಪೊರೆ ಮರಿಗಳಿಗೆ ಆಟದ ಸಾಮಾನಾಯಿತು. ಅಲಸಂದೆ ಅದನ್ನು ಕೊರಳಿಗೆ ಸುತ್ತಿಕೊಂಡು ಕುಣಿಯುತ್ತಿದ್ದ. ಹುರುಳಿ ಅದರ ತುದಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ಒಂದು ದಿನ ನವಣೆ ಪೊರೆಯ ಬಾಯಿಗೆ ಕಣ್ಣಿಟ್ಟು ಒಳಗೆ ಇಣುಕಿದಳು.

"ಅಕ್ಕೋರೇ, ಇದರ ಒಳಗೆ ಏನಿತ್ತು?"

"ಹಾವಿತ್ತು."

"ಹಾಗಾದ್ರೆ ಇದು ಹಾವಲ್ವಾ?"

ಉಳಿದ ಮರಿಗಳು ಕಿಸಕ್ಕನೆ ನಕ್ಕವು. ಹೊಂಗವ್ವನಿಗೆ ಸಿಟ್ಟು ಬಂತು. "ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ. ಇನ್ನೊಂದು ಸಲ ಮುಟ್ಟು. ಏನನ್ನುತ್ತದೆ?"

"ಪರಪರ ಅನ್ನುತ್ತದೆ" ಎಂದಳು ನವಣೆ, ಮೆಲ್ಲಗೆ.

ಪಕ್ಕದ ಕೊಂಬೆಯಲ್ಲಿ ಒಂದು ಓತಿಕ್ಯಾತ ವಾಸವಾಗಿತ್ತು. ಹೊತ್ತು ಹೋಗದಿದ್ದರೆ ಬಂದು ಪೊಟರೆಯ ಬಾಯಲ್ಲಿ ಕೂತು, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಪಾಠ ಕೇಳುತ್ತಿತ್ತು. ಅಂದು ಸಂಜೆ ಅದು ಹೇಳಿತು, "ಹೊಂಗವ್ವಕ್ಕಾ, ಮಕ್ಕಳನ್ನು ಒಂದು ಸಲ ಹೊರಗೆ ಕರ್ಕೊಂಡು ಹೋಗಬಾರದಾ? ಬಿಸಿಲು ಅಂದ್ರೇನು ಅಂತಾನೂ ಅವಕ್ಕೆ ಗೊತ್ತಿಲ್ಲ. ಗುಡ್ಡದ ಕಲ್ಲಿನ ಮೇಲೆ ಕೇರೆಹಾವು ಮೈಕಾಯಿಸ್ತಾ ಮಲಗಿರುತ್ತೆ. ನಾನೂ ಜೊತೆಗೆ ಬರ್ತೀನಿ. ದೂರದಿಂದ ತೋರಿಸೋಣ."

"ತಲೆ ಆಡಿಸಿದವರೆಲ್ಲ ಗುರುಗಳಾಗಲ್ಲ, ಓತಿಯಣ್ಣ."

"ಅದು ಸರಿ ಅಕ್ಕಾ. ಆದರೆ ನೀನು ಕಲಿತದ್ದು ಹೊರಗೇ ಅಲ್ವಾ?"

"ಕಲಿತೆ. ಕಲಿತದ್ದಕ್ಕೆ ಏನು ಕೊಟ್ಟೆ ಅಂತ ನೋಡಿದ್ದೀಯಲ್ಲ?" ಎಂದು ಹೊಂಗವ್ವ ಬೆನ್ನು ತಿರುಗಿಸಿ, ಬಾಲವಿಲ್ಲದ ಜಾಗ ತೋರಿಸಿದಳು. "ಮೂರು ತಿಂಗಳಾಯಿತು. ನನ್ನ ಶಾಲೆಯಲ್ಲಿ ಒಂದು ಮಗುವಿಗೂ ಒಂದು ಗೀರು ಬಿದ್ದಿಲ್ಲ. ಈ ಮಾತು ಹೇಳುವ ಇನ್ನೊಂದು ಶಾಲೆ ಈ ಕಾಡಿನಲ್ಲಿ ಇದ್ದರೆ ತೋರಿಸು."

ಓತಿಕ್ಯಾತ ತೋರಿಸಲಿಲ್ಲ. ಅಂಥ ಶಾಲೆ ನಿಜಕ್ಕೂ ಇರಲಿಲ್ಲ.

ಆ ದಿನಗಳಲ್ಲಿ ಹೊಂಗವ್ವನ ಕಣ್ಣು ಒಂದರ ಮೇಲಿತ್ತು. ಅದೇ ಮರದ ಬೊಡ್ಡೆಯಲ್ಲಿ ಒಂದು ದೊಡ್ಡ ಪೊಟರೆಯಿತ್ತು. ಅಲ್ಲಿದ್ದ ಗೂಬೆ ಬಿಟ್ಟುಹೋಗಿತ್ತು. ನಲವತ್ತು ಮರಿಗಳು ಕೂರುವಷ್ಟು ಜಾಗ. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವನು ಅಳಿಲುಗಳ ಹಿರಿಯ, ಎಲ್ಲರೂ ದೊಡ್ಡಜ್ಜ ಎನ್ನುತ್ತಿದ್ದವನು.

"ಮಕ್ಕಳ ಪರೀಕ್ಷೆ ಮಾಡಿ ತೋರಿಸು, ಹೊಂಗವ್ವ. ನಾವೆಲ್ಲ ಬರ್ತೀವಿ. ಒಪ್ಪಿಗೆಯಾದರೆ ಪೊಟರೆ ನಿನ್ನ ಶಾಲೆಗೆ" ಎಂದ ದೊಡ್ಡಜ್ಜ.

ಪರೀಕ್ಷೆಯ ದಿನ ಬಂತು. ಬೆಳಗಿನ ಎಳೆಬಿಸಿಲು. ಮರಿಗಳ ತಾಯಂದಿರು ಬಂದರು, ಹಿರಿಯರು ಬಂದರು. ಸಣ್ಣ ಪೊಟರೆ ಕಿಕ್ಕಿರಿದು ಹೋಯಿತು. ಬಂದವರಿಗೆ ಜಾಗ ಸಾಲದೆ ಮರಿಗಳನ್ನು ಬಾಯಿಯ ಬಳಿ ಒತ್ತಾಗಿ ನಿಲ್ಲಿಸಬೇಕಾಯಿತು. ಹತ್ತು ಮರಿಗಳು ಹೇಗೋ ಒಳಗೆ ಹಿಡಿಸಿದವು. ಕೊನೆಯವಳು ನವಣೆ.

"ನೀನು ಹೊರಗೆ ಕೊಂಬೆಯ ಮೇಲೆ ನಿಂತಿರು, ಕಂದಾ. ನಿನ್ನ ಸರದಿ ಬಂದಾಗ ಕರೀತೀನಿ" ಎಂದಳು ಹೊಂಗವ್ವ.

ನವಣೆ ಹೊರಗೆ ಹೋಗಿ ನಿಂತಳು. ಅವಳು ಹೊರಗೆ ಒಬ್ಬಳೇ ನಿಂತದ್ದು ಅದೇ ಮೊದಲು. ಎಲೆಗಳ ಸಂದಿನಿಂದ ಬಿಸಿಲು ಅವಳ ಮೈಮೇಲೆ ಬಿತ್ತು. ಅವಳು ಅದನ್ನು ಹಿಡಿಯಲು ನೋಡಿದಳು. ಬಿಸಿಲು ಅವಳ ಕೈಮೇಲೆಯೇ ಬಂದು ಕೂತಿತು. ಅವಳಿಗೆ ನಗು ಬಂತು.

ಒಳಗೆ ಪರೀಕ್ಷೆ ಸೊಗಸಾಗಿ ನಡೆಯುತ್ತಿತ್ತು. ಗಿಡುಗದ ಗರಿ ತೋರಿಸಿದರೆ ಸಜ್ಜೆ ಗಿಡುಗದ ಏಳು ಗುಣ ಹೇಳಿದ. ಬೇವಿನ ಹಣ್ಣು ತೋರಿಸಿದರೆ ಹುರುಳಿ ಮುಖ ಹುಳ್ಳಗೆ ಮಾಡಿ ಎಲ್ಲರನ್ನೂ ನಗಿಸಿದಳು. ಕೊನೆಗೆ ಹೊಂಗವ್ವ ಪೊರೆಯನ್ನು ಎತ್ತಿ ಹಿಡಿದಳು.

"ಹಾವು ಹೇಗಿರುತ್ತದೆ?"

"ಬಿಳಿ! ಒಣ! ಹಗುರ!"

ದೊಡ್ಡಜ್ಜ ಮೀಸೆ ತೀಡಿಕೊಂಡ. "ಭೇಷ್! ನಮ್ಮ ಕಾಲದಲ್ಲಿ ನಮಗೆ ಇಷ್ಟು ಹೇಳಿಕೊಟ್ಟವರಿರಲಿಲ್ಲ. ದೊಡ್ಡ ಪೊಟರೆ ನಿನ್ನದೇ, ಹೊಂಗವ್ವ."

"ಇನ್ನೊಬ್ಬಳಿದ್ದಾಳೆ ಅಜ್ಜ. ಎಲ್ಲರಿಗಿಂತ ಚಿಕ್ಕವಳು. ಅವಳದ್ದೂ ಕೇಳಿಬಿಡಿ" ಎಂದಳು ಹೊಂಗವ್ವ. ಅವಳಿಗೆ ಹನ್ನೊಂದಕ್ಕೆ ಹನ್ನೊಂದೂ ಬೇಕಾಗಿತ್ತು.

ಅದೇ ಹೊತ್ತಿಗೆ ಹೊರಗಿನಿಂದ ನವಣೆಯ ದನಿ ಕೇಳಿಸಿತು.

"ಅಕ್ಕೋರೇ! ಇಲ್ಲೊಂದು ಬೇರು ನಡೀತಾ ಇದೆ!"

ಪೊಟರೆಯ ತುಂಬ ನಗು. "ಬೇರು ನಡೀತಿದೆಯಂತೆ! ನಾಳೆ ಮರಾನೂ ನಡೆದೀತು!" ಎಂದು ಯಾರೋ ಹಾಸ್ಯ ಮಾಡಿದರು. ಬೋರವ್ವ ನಾಚಿ ತಲೆ ತಗ್ಗಿಸಿದಳು. ಹೊಂಗವ್ವನ ಕಿವಿ ಬಿಸಿಯಾಯಿತು. ಇಷ್ಟು ಜನರೆದುರು, ಪೊಟರೆ ಕೈಗೆ ಬಂದ ಗಳಿಗೆಯಲ್ಲಿ, ತನ್ನ ಶಾಲೆಯ ಮಗು ತಪ್ಪು ಹೇಳುವುದೇ? ಅವಳು ಹೊರಗೆ ನೋಡಲಿಲ್ಲ. ಇದ್ದಲ್ಲಿಂದಲೇ ಕೂಗಿದಳು:

"ಬೇರು ನಡೆಯೋದಿಲ್ಲ, ನವಣೆ! ಹತ್ತಿರ ಹೋಗಿ ಸರಿಯಾಗಿ ನೋಡಿ ಹೇಳು!"

"ಆಗಲಿ ಅಕ್ಕೋರೇ" ಎಂದಳು ನವಣೆ.

ಮಕ್ಕಳೇ, ಅವಳು ಅಕ್ಕೋರ ಮಾತು ಕೇಳುವ ಮಗು. ಹತ್ತಿರ ಹೋದಳು.

ಬಾಯಿಯ ಬಳಿ ನಿಂತಿದ್ದ ಸಜ್ಜೆ ಹೊರಗೆ ಇಣುಕಿ ನೋಡಿದ. "ಹೌದು ಅಕ್ಕೋರೇ, ನಡೀತಿದೆ. ಕಂದು ಬಣ್ಣ. ಎಣ್ಣೆ ಸವರಿದ ಹಾಗೆ ಮಿಂಚ್ತಿದೆ" ಎಂದ, ಪಾಠ ಒಪ್ಪಿಸುವ ದನಿಯಲ್ಲಿ.

ಮಿಂಚ್ತಿದೆ ಎಂಬ ಮಾತು ಕೇಳಿದ್ದೇ ಹೊಂಗವ್ವ ಪೊರೆಯನ್ನು ಕೈಬಿಟ್ಟಳು. ಅವಳು ಒಂದು ಕಾಲದಲ್ಲಿ ಒಂದು ಗೇಣು ದೂರದಿಂದ ಕಂಡಿದ್ದೂ ಅದನ್ನೇ. ಅತಿಥಿಗಳ ತಲೆ ತುಳಿದು, ಮರಿಗಳನ್ನು ಪಕ್ಕಕ್ಕೆ ನೂಕಿ ಹೊರಗೆ ಹಾರಿದಳು.

ಕೊಂಬೆಯ ಮೇಲೆ ಕೇರೆಹಾವಿತ್ತು. ಅದರ ಬಾಯಿಂದ ಒಂದು ಸಣ್ಣ ಬಾಲ ಹೊರಗೆ ಕಾಣುತ್ತಿತ್ತು.

ಹೊಂಗವ್ವ ಅದರ ಕೊರಳಿಗೆ ಬಾಯಿ ಹಾಕಿದಳು. ಹಾವು ಬೀಸಿ ಒಗೆಯಿತು. ಅವಳು ಕೊಂಬೆಗೆ ಅಪ್ಪಳಿಸಿದಳು, ಮತ್ತೆ ಎದ್ದು ಕಚ್ಚಿದಳು. ಓತಿಕ್ಯಾತ ಎಲ್ಲಿಂದಲೋ ಓಡಿ ಬಂದು ಹಾವಿನ ಬಾಲಕ್ಕೆ ಜೋತುಬಿತ್ತು. ಕಾಗೆ ಕೂಗುತ್ತ ಇಳಿದು ಅದರ ತಲೆ ಕುಟ್ಟಿತು. ಕೊನೆಗೆ ಹಾವು ಹಿಡಿತ ತಪ್ಪಿ ಕೆಳಗೆ ಬಿತ್ತು, ಕಲ್ಲಿನ ಸಂದಿಗೆ ಸರಿದುಹೋಯಿತು. ಅಷ್ಟರಲ್ಲಿ ಆ ಸಣ್ಣ ಬಾಲವೂ ಒಳಗೆ ಹೋಗಿತ್ತು.

ಹೊಂಗವ್ವ ತಿರುಗಿ ನೋಡಿದಳು. ಪೊಟರೆಯ ಬಾಯಲ್ಲಿ ಅವಳ ಹತ್ತು ಮರಿಗಳು ಸಾಲಾಗಿ ನಿಂತಿದ್ದವು. ಒಂದೂ ಕಿರುಚಿರಲಿಲ್ಲ. ಒಂದೂ ಮೇಲಕ್ಕೆ ಹತ್ತಿರಲಿಲ್ಲ.

"ಅದೇನು ಅಕ್ಕೋರೇ?" ಎಂದು ಕೇಳಿದ ಅಲಸಂದೆ. ಅವಳು ಕೈಬಿಟ್ಟ ಪೊರೆ ಆಗಲೇ ಅವನ ಕೊರಳಲ್ಲಿತ್ತು.

ಹೊಂಗವ್ವ ಅದನ್ನು ಅವನ ಕೊರಳಿಂದ ಬಿಚ್ಚಿದಳು.

ತಾಯಂದಿರು ತಮ್ಮ ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊರಟುಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಹೊಂಗವ್ವನಿಗೆ ಅಷ್ಟು ನೋಯುತ್ತಿರಲಿಲ್ಲ. ದೊಡ್ಡಜ್ಜ ಹೋಗುವಾಗ ನಿಂತು, "ಕೊಟ್ಟ ಮಾತು ಕೊಟ್ಟದ್ದೇ. ಪೊಟರೆ ನಿನ್ನದು" ಎಂದ. ಅವಳು ಕೇಳಿಸಿಕೊಂಡಳೋ ಇಲ್ಲವೋ.

ಎಂಟು ದಿನ ಹೊಂಗವ್ವ ಒಂದು ಹುಣಸೆಬೀಜ ಮುಟ್ಟಲಿಲ್ಲ. ಓತಿಕ್ಯಾತ ದಿನವೂ ಬಂದು ಪಕ್ಕದಲ್ಲಿ ಕೂರುತ್ತಿತ್ತು. "ನಾನು ಹೇಳಿದ್ದೆ" ಎಂದು ಅದು ಒಮ್ಮೆಯೂ ಅನ್ನಲಿಲ್ಲ. ತಲೆಯನ್ನೂ ಆಡಿಸಲಿಲ್ಲ.

ಒಂಬತ್ತನೆಯ ದಿನ ಬೋರವ್ವ ಬಂದಳು. ಅವಳ ಹಿಂದೆ ಒಂದು ಮರಿಯಿತ್ತು. ಈಚೆಗಷ್ಟೇ ಕಣ್ಣು ಬಿಟ್ಟದ್ದು.

ಹೊಂಗವ್ವ ಎದ್ದು ನಿಂತಳು. "ಬೋರವ್ವ, ನಾನು ನಿನಗೆ ಏನು ಹೇಳಲಿ?"

"ನೀವೇನೂ ಹೇಳಬೇಡಿ, ಅಕ್ಕೋರೇ. ಸರಿಯಾಗಿ ನೋಡು ಅಂದಿರಿ. ನೋಡೋಕೆ ಹೋದಳು. ಮನೇಲಿ ನನ್ನ ಮಾತು ಒಂದೂ ಕೇಳ್ತಿರಲಿಲ್ಲ. ಅಕ್ಕೋರು ಹೇಳಿದ್ದಾರೆ ಅಂದ್ರೆ ಮುಗೀತು." ಬೋರವ್ವ ಮರಿಯನ್ನು ಮುಂದಕ್ಕೆ ತಳ್ಳಿದಳು. "ಇವಳು ಅವಳ ತಂಗಿ. ರಾಗಿ. ಇವಳನ್ನ ನಿಮ್ಮ ಹತ್ತಿರ ಬಿಡೋಕೆ ಬಂದೆ."

"ನನ್ನ ಹತ್ತಿರವೇ? ನಿನಗೆ ಬುದ್ಧಿ ಕೆಟ್ಟಿದೆಯಾ?"

"ಕೆಟ್ಟಿದ್ದರೆ ಬೇರೆಯವರ ಹತ್ತಿರ ಹೋಗ್ತಿದ್ದೆ. ಇವಳಿಗೆ ಕಲಿಸುವಾಗ ಎಲ್ಲಿ ತಪ್ಪಬಾರದು ಅಂತ ಈ ಕಾಡಿನಲ್ಲಿ ನಿಮ್ಮೊಬ್ಬರಿಗೇ ಗೊತ್ತು. ಹೊರಗೆ ಕರ್ಕೊಂಡು ಹೋಗಿ. ಬೀಳಲಿ. ಅಳಲಿ. ನಾನು ಯಾಕೆ ಅಂತ ಕೇಳೋದಿಲ್ಲ."

ಹೊಂಗವ್ವ ರಾಗಿಯನ್ನು ಕರೆದುಕೊಂಡು ಕೊಂಬೆ ಇಳಿದಳು. ಅಂದು ರಾಗಿ ಮೂರು ಸಲ ಬಿದ್ದಳು. ಬೇವಿನ ಹಣ್ಣು ಕಚ್ಚಿ ಉಗುಳಿದಳು. ಕೆಂಜಿಗ ಇರುವೆಯ ಕೈಲಿ ಮೂಗು ಕಚ್ಚಿಸಿಕೊಂಡು ಅತ್ತಳು. ಬಿಸಿಲೇರಿದಾಗ ಹೊಂಗವ್ವ ಅವಳನ್ನು ಒಂದು ಎತ್ತರದ ಕೊಂಬೆಗೆ ಹತ್ತಿಸಿ, ತನ್ನ ಹೊಟ್ಟೆಯ ಕೆಳಗೆ ಅವಚಿಕೊಂಡು, ದೂರದ ಕಲ್ಲಿನ ಮೇಲೆ ಮೈಕಾಯಿಸುತ್ತಿದ್ದ ಕೇರೆಹಾವನ್ನು ತೋರಿಸಿದಳು.

"ನೋಡು. ಮಲಗಿದಾಗ ಹೀಗಿರುತ್ತದೆ. ಈಗ ಎದ್ದಿತು ನೋಡು. ತಲೆ ಹೇಗೆ ಎತ್ತುತ್ತದೆ, ಹುಲ್ಲು ಹೇಗೆ ಅಲುಗುತ್ತದೆ, ಎಲ್ಲಾ ನೋಡು."

ರಾಗಿ ನೋಡಿದಳು. ಅವಳ ಮೈಕೂದಲೆಲ್ಲ ನಿಮಿರಿ ನಿಂತಿತು. ಯಾರೂ ಹೇಳಿಕೊಡದೆಯೇ ಅವಳು ಕಿರುಚಿದಳು. ಮರ ಮರಕ್ಕೂ ಕೇಳುವಂತೆ ಕಿರುಚಿದಳು.

ಹೊಂಗವ್ವ ಅವಳ ತಲೆಯ ಮೇಲೆ ಮೂಗಿಟ್ಟು ಅತ್ತಳು.

ಆಮೇಲೆ ಒಬ್ಬೊಬ್ಬರಾಗಿ ಬೇರೆ ಮರಿಗಳೂ ಬಂದವು.

ಈಗ ಹೊಂಗವ್ವನ ಶಾಲೆಯಲ್ಲಿ ಇಪ್ಪತ್ತಾರು ಮರಿಗಳಿವೆ. ಹುಣಸೆಮರ, ಬೇವಿನಮರ, ಬೋರೆಗಿಡ, ಗುಡ್ಡದ ಈಚೆಯ ಬಯಲು, ಇಷ್ಟೂ ಅವಳ ಶಾಲೆ. ಬೊಡ್ಡೆಯ ದೊಡ್ಡ ಪೊಟರೆಯೂ ಅವಳದೇ, ಮಳೆ ಸುರಿದರೆ ಮಾತ್ರ ಮರಿಗಳು ಅದರೊಳಗೆ ಕೂರುತ್ತವೆ. ಅವಳ ಮರಿಗಳ ಮೈಮೇಲೆ ಗೀರುಗಳಿವೆ. ಅವು ಹಾವು ಕಂಡರೆ ಗುರುತು ಹಿಡಿಯುತ್ತವೆ. ಇದಕ್ಕೆಲ್ಲ ಅವಳು ತೆತ್ತದ್ದು ನವಣೆಯನ್ನು. ಆ ಮಗು ತೆರುವುದಕ್ಕೆ ಅವಳದಾಗಿರಲಿಲ್ಲ.

ನೀತಿ: ಗೀರು ಬೀಳುತ್ತದೆಂದು ಹೆದರಿ ಮಗುವನ್ನು ಒಳಗೇ ಕೂರಿಸಿ ಕಲಿಸಿದ ಪಾಠ ಹೊರಗೆ ಅದನ್ನು ಕಾಯುವುದಿಲ್ಲ, ಕೈ ಹಿಡಿದು ಬಯಲಿಗೆ ಕರೆದೊಯ್ದು, ಇದ್ದದ್ದನ್ನು ಇದ್ದ ಹಾಗೇ ತೋರಿಸಬೇಕು.