ಬೆಟ್ಟವ್ವ ತುಂಬಿದ ಮಡಿಲು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಮಣ್ಣೆಲ್ಲ ಒಂದೇ ಕಡೆ ಇತ್ತು, ಬೆಟ್ಟವ್ವನ ಮೈಮೇಲೆ. ಕೆಂಪು, ಕಪ್ಪು, ಮರಳು, ಎಲ್ಲ ಕಲಸಿಕೊಂಡು ಆಳುದ್ದ ಮಣ್ಣು. ಮರಗಳೂ ಅಲ್ಲೇ. ಕೆಳಗಿನ ಬಯಲಲ್ಲಿ ಬರೀ ಬಂಡೆ, ಹುಡುಕಿದರೂ ಒಂದು ಗರಿಕೆ ಸಿಗುತ್ತಿರಲಿಲ್ಲ.

ಬೆಟ್ಟವ್ವನಿಗೆ ಒಬ್ಬಳೇ ಮಗಳು, ಹೊನಲಿ ಅನ್ನೋ ಹೊಳೆ. ಅವಳನ್ನು ದೂರದ ಕಡಲರಾಯನಿಗೆ ಕೊಟ್ಟು ಮದುವೆ ಆಯಿತು. ಗಂಡನ ಮನೆಗೆ ಬಿಟ್ಟುಬರಲು ಸೋದರಮಾವ ಗಾಳಿಯಪ್ಪ ಬಂದು ಬಾಗಿಲಲ್ಲೇ ಗಡಿಬಿಡಿ ಮಾಡುತ್ತಿದ್ದ. ಅವನಿಗೆ ಒಂದು ಕಡೆ ಕಾಲು ನಿಲ್ಲೋದಿಲ್ಲ, ಈಗಲೂ ಅಷ್ಟೇ.

ಹೆಣ್ಣುಮಗಳನ್ನು ಬರಿ ಮಡಿಲಲ್ಲಿ ಕಳಿಸೋದುಂಟೆ? ಬೆಟ್ಟವ್ವ ಮಡಿಲು ತುಂಬಲು ಕೂತಳು. ಅಕ್ಕಿ ಎಲ್ಲಿಂದ ತರಬೇಕು ಪಾಪ, ಅವಳಲ್ಲಿ ಇದ್ದದ್ದು ಮಣ್ಣು. ಒಂದು ಮೊರ ಹಾಕಿದಳು. ಸಾಲದು ಅನ್ನಿಸಿತು, ಇನ್ನೊಂದು ಮೊರ ಹಾಕಿದಳು.

"ಸಾಕವ್ವಾ, ಸೊಂಟ ಬಿದ್ದುಹೋಗ್ತದೆ," ಅಂದಳು ಹೊನಲಿ.

"ಸುಮ್ನಿರೇ, ಹೋದ ಮನೇಲಿ ಆಡ್ಕೊಳ್ತಾರೆ," ಅಂತ ಬೆಟ್ಟವ್ವ ಮತ್ತೊಂದು ಮೊರ ಸುರಿದಳು. ಅದರ ಮೇಲೆ ಇನ್ನೊಂದು.

ಒಂದು ಪದ್ಧತಿ ಇದೆ. ತುಂಬಿದ ಮಡಿಲಿಂದ ಒಂದು ಹಿಡಿ ತೆಗೆದು ತವರಿನ ಮೊರಕ್ಕೆ ಹಾಕಿ, ಆಮೇಲೆ ಹೊಸಿಲು ದಾಟಬೇಕು. ತವರು ಬರಿದಾಗಬಾರದು ಅಂತ. ಬೆಟ್ಟವ್ವ ಮೊರ ಚಾಚಿ "ಹಿಡಿ ಹಾಕು ಮಗಳೇ" ಅನ್ನುವಷ್ಟರಲ್ಲಿ ಗಾಳಿಯಪ್ಪ "ಹೊತ್ತಾಯ್ತು, ನಡಿಯೇ" ಅಂತ ಬೆನ್ನು ತಳ್ಳೇಬಿಟ್ಟ. ಹೊನಲಿ ಅಷ್ಟೆತ್ತರದಿಂದ ಧುಮುಕಿದಳು. ಹೊಳೆ ಒಮ್ಮೆ ಧುಮುಕಿದ ಮೇಲೆ ವಾಪಸು ಹತ್ತೋದು ಎಲ್ಲಿ ಬಂತು.

ಬೆಟ್ಟವ್ವ ಖಾಲಿ ಮೊರ ಹಿಡಿದು ನಿಂತೇ ಇದ್ದಳು. ಆಮೇಲೆ ತನ್ನ ಮೈ ನೋಡಿಕೊಂಡಳು. ಹೆಗಲೆಲ್ಲ ಕಲ್ಲು, ಬೆನ್ನೆಲ್ಲ ಕಲ್ಲು. ಅವಳೇ ಬೆಳೆಸಿದ ಮರಗಳು ಬೇರು ಮೇಲೆ ಮಾಡಿ ಬಿದ್ದಿದ್ದವು. "ಅಯ್ಯೋ, ನಾನೇ ಬಳಿದು ಕೊಟ್ಟೆನಲ್ಲ," ಅಂದಳು.

ಮಳೆ ಬಂದಾಗ ಇನ್ನೂ ದಿಗಿಲಾಯಿತು. ಬಿದ್ದ ನೀರು ಬಿದ್ದ ಹಾಗೇ ಜಾರಿಹೋಯಿತು. ಹಿಡಿದಿಟ್ಟುಕೊಳ್ಳಲು ಮಣ್ಣೇ ಇಲ್ಲವಲ್ಲ. ಮಳೆ ನಿಂತ ನಾಲ್ಕೇ ದಿನಕ್ಕೆ ಅವಳ ಮೈ ಕಾದ ಹೆಂಚಾಯಿತು. ತವರಿಂದ ನೀರು ಹೋಗದಿದ್ದರೆ ಮಗಳು ಉಳಿಯೋದು ಹೇಗೆ ಅನ್ನೋದು ಬೆಟ್ಟವ್ವನಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಗಾಳಿಯಪ್ಪ ಬಂದ. ಸದ್ದಿಲ್ಲದೆ ಬಂದ, ಅದಕ್ಕೆ ಮುಂಚೆ ಅವನು ಹಾಗೆ ಬಂದದ್ದೇ ಇಲ್ಲ.

"ಅಕ್ಕಾ, ಅವಳಿಗೆ ಭಾರ ತಡೀಲಿಲ್ಲ. ದಾರಿಯುದ್ದಕ್ಕೂ ಚೆಲ್ಲಿಬಿಟ್ಟಳು," ಅಂದ. "ನಿನ್ನ ಕಾಲಡಿ ಎಡವಿದಾಗ ಕೆಂಪು ಗರಸು ಮಣ್ಣು ಬಿತ್ತು. ಅಲ್ಲಿ ತೇಗ, ಮುತ್ತುಗ ಎದ್ದಿವೆ. ಬಯಲಿಗೆ ಹೋಗಿ ಸುಸ್ತಾಗಿ ಕೂತಳು, ನುಣ್ಣನೆ ಕಪ್ಪು ಮಣ್ಣೆಲ್ಲ ಅಲ್ಲೇ ಇಳಿದುಹೋಯ್ತು. ಈಗ ಅಲ್ಲಿ ಸೊಂಟದೆತ್ತರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಕಡಲ ಬಾಗಿಲಿಗೆ ಮುಟ್ಟಿಸಿದ್ದು ಬರೀ ಮರಳು. ತಾಳೆ ಮರ ಒಂದು ಬಿಟ್ಟರೆ ಯಾರೂ ಅಲ್ಲಿ ಕಾಲೂರಲಿಲ್ಲ."

"ಮಣ್ಣಿನ ಮಾತು ಸಾಕು. ಅವಳು ಹೇಗಿದ್ದಾಳೆ?"

ಗಾಳಿಯಪ್ಪ ನೆಲ ನೋಡಿದ. "ಬೆರಳಷ್ಟಾಗಿದ್ದಾಳೆ ಅಕ್ಕಾ."

ಬೆಟ್ಟವ್ವನಿಗೆ ಅಳಲು ಕಣ್ಣಲ್ಲಿ ನೀರೂ ಇರಲಿಲ್ಲ. "ನಿನ್ನ ಅವಸರಕ್ಕೆ ಇಷ್ಟಾಯ್ತು," ಅಂದಳು. "ಹೋಗು, ಅವತ್ತು ಹಾಕದೆ ಉಳಿದ ಆ ಹಿಡಿ ಈಸಿಕೊಂಡು ಬಾ."

ಗಾಳಿಯಪ್ಪ ಹಿಂದೆಂದೂ ಓಡದ ಹಾಗೆ ಓಡಿದ. ಹೊನಲಿ ಸೆರಗಿನ ಮೂಲೆ ಕೆರೆದಳು. ಸಿಕ್ಕಿದ್ದು ಒಂದೇ ಹಿಡಿ. "ಅವ್ವನಿಗೆ ಇದಿಷ್ಟೇ ಮಾವಾ, ಇನ್ನು ನನ್ನ ಮಡಿಲಲ್ಲಿ ಏನೂ ಇಲ್ಲ," ಅಂದಳು. ಅವಳ ದನಿ ಕೇಳಲು ಗಾಳಿಯಪ್ಪ ಕಿವಿಯನ್ನು ಕಲ್ಲಿಗೆ ಹಚ್ಚಬೇಕಾಯಿತು.

ಆ ಹಿಡಿಯನ್ನು ಬೆಟ್ಟವ್ವ ಮೈಮೇಲೆ ಹರಡಲಿಲ್ಲ. ಹರಡಿದರೆ ಮಳೆ ಬಿಟ್ಟೀತೆ? ಸೀರೆಯ ನೆರಿಗೆ ನೆರಿಗೆಯಲ್ಲಿ ಚಿಟಿಕೆ ಚಿಟಿಕೆ ಬಚ್ಚಿಟ್ಟಳು. ಬಿದ್ದ ಮರಗಳ ಬೀಜ ಆ ಸಂದಿಯಲ್ಲೇ ಮೊಳೆತು, ಒಂದಕ್ಕೊಂದು ಒತ್ತಿಕೊಂಡು ನಿಂತವು. ಕೈ ಕೊಡವಿದಾಗ ಉದುರಿದ ಧೂಳು ಬೆನ್ನಿಗೆ ಅಂಟಿತು, ಅದು ಹುಲ್ಲಿಗಷ್ಟೇ ಸಾಕಾಯಿತು. ಮುಂದಿನ ಮಳೆ ನೆರಿಗೆಗಳಲ್ಲಿ ತಂಗಿತು. ಅಲ್ಲಿಂದ ಹನಿ ಹನಿಯಾಗಿ ಇಳಿದು ಮಗಳನ್ನು ಮುಟ್ಟಿತು, ಹೊನಲಿ ಉಸಿರಾಡಿದಳು.

ಅದಕ್ಕೇ ಮಗಾ, ಬಯಲಿನ ಕಪ್ಪು ನೆಲ ಬೇಸಿಗೆ ಬಂದರೆ ಇವತ್ತಿಗೂ ಬಾಯಿ ಬಿಟ್ಟು ತವರಿನ ನೀರು ಕೇಳುತ್ತದೆ. ಎತ್ತರದ ಬೆಟ್ಟಗಳ ಬೆನ್ನ ಮೇಲೆ ನಿನಗೆ ಹುಲ್ಲು ಮಾತ್ರ ಕಾಣುತ್ತದೆ, ಕಾಡು ಇರೋದು ನೆರಿಗೆಗಳಂಥ ಕಣಿವೆಗಳ ಒಳಗೆ. ಅಲ್ಲಿ ಜಿನುಗುವ ನೀರಿಗೆ ಕೈ ಒಡ್ಡಿದರೆ ಅದು ಉರಿಬಿಸಿಲಲ್ಲೂ ತಣ್ಣಗಿರುತ್ತದೆ, ಯಾಕೆಂದರೆ ಮಗಳು ತಡವಾಗಿ ಕೊಟ್ಟ ಆ ಒಂದು ಹಿಡಿಯನ್ನು ಬೆಟ್ಟವ್ವ ಇನ್ನೂ ಮುಚ್ಚಿ ಹಿಡಿದಿದ್ದಾಳೆ.