ಯಾರೂ ಇಲ್ಲದ ಜಾಗದ ಮಜ್ಜಿಗೆ

ಹೊಳೆಯ ದಂಡೆಯ ಮೇಲೆ ಅಡವಯ್ಯ ಗುರುಗಳ ಆಶ್ರಮವಿತ್ತು. ಆಶ್ರಮ ಅಂದರೆ ಎರಡು ಬೇವಿನ ಮರ, ಒಂದು ತಗಡಿನ ಚಪ್ಪರ, ಅಷ್ಟೇ. ಗುರುಗಳು ಹಿಂದೊಮ್ಮೆ ಸರ್ಕಾರಿ ಕಚೇರಿಯಲ್ಲಿ ಊರುಗಳ ನಕ್ಷೆ ಬರೆಯುತ್ತಿದ್ದವರು. ಈಗ ಕೇಳಿ ಬಂದವರಿಗೆ ನೆಲ ನೋಡುವುದನ್ನು ಕಲಿಸುತ್ತಿದ್ದರು. ಯಾರೂ ಬರದಿದ್ದರೆ ಸುಮ್ಮನೆ ಕೂತಿರುತ್ತಿದ್ದರು.

ಅವರ ಶಿಷ್ಯೆ ನೀಲಾಂಬಿಕೆ ಪಕ್ಕದ ಪಟ್ಟಣ ಪಂಚಾಯಿತಿಯಲ್ಲಿ ಯೋಜನಾ ಅಧಿಕಾರಿ. ಅವತ್ತು ಬೆಳಿಗ್ಗೆ ಏಳಕ್ಕೇ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡೋಡಿ ಬಂದಳು. ಮುಖದಲ್ಲಿ ಕಳೆಯೇ ಇರಲಿಲ್ಲ. ಊರವರಂತೆ ಅವಳೂ ಗುರುಗಳನ್ನು ಅಜ್ಜಾರು ಎನ್ನುತ್ತಿದ್ದಳು.

“ಅಜ್ಜಾರ, ಹನ್ನೊಂದಕ್ಕ ಸಭೆ ಐತ್ರಿ. ನೆರೆ ನೀರು ಹರಿಸೋ ಕಾಲುವಿ ಎಲ್ಲಿ ತೋಡಬೇಕಂತ ಇವತ್ತ ಠರಾವು ಮಾಡ್ತಾರ.”

“ಮಾಡ್ಲಿ.”

“ನನ್ನ ಕಂಪ್ಯೂಟರ್ ಹೇಳಿದ್ದನ್ನ ಒಪ್ಪತಾರ್ರಿ. ಅದಕ್ಕ ಹೆದರಿಕಿ.”

“ಒಪ್ಪಿದ್ರ ಹೆದರಿಕಿ ಯಾಕ?”

“ಅದ ತಿಳೀವಲ್ದು. ರಾತ್ರಿಯೆಲ್ಲಾ ನಿದ್ದಿ ಇಲ್ರಿ.”

ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಮೊದಲು ನೀರಿನ ಲೆಕ್ಕ ಒಂದು ಕಚೇರಿಯಲ್ಲಿ, ರಸ್ತೆಯ ಲೆಕ್ಕ ಇನ್ನೊಂದರಲ್ಲಿ, ಮನೆಗಳ ಲೆಕ್ಕ ಮತ್ತೊಂದರಲ್ಲಿ ಇರುತ್ತಿತ್ತು. ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಎರಡು ವರ್ಷ ಹೆಣಗಾಡಿ ಅವಳು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ್ದಳು. ಪರದೆಯ ಮೇಲೆ ಕಾಲುವೆಯನ್ನು ಬೆರಳಷ್ಟು ಸರಿಸಿದರೆ ಸಾಕು, ಎಷ್ಟು ಮನೆ ಮುಳುಗುತ್ತವೆ, ಯಾವ ರಸ್ತೆ ಕಡಿಯುತ್ತದೆ ಎಂದು ಕ್ಷಣದಲ್ಲಿ ಹೇಳುತ್ತಿತ್ತು. ಜಿಲ್ಲೆಯವರೂ ಬಂದು ನೋಡಿ ಬೆನ್ನು ತಟ್ಟಿದ್ದರು.

“ಮೂರು ದಾರಿ ಅದಾವ್ರಿ. ಮೂಡಣ ತಗ್ಗಿನ್ಯಾಗ ಹಾಯೋದು ಎಲ್ಲಾಕ್ಕಿಂತ ಚಲೋ ಅಂತ ಬಂದೈತಿ.”

“ಎಷ್ಟು ಮಂದಿಗೆ ತ್ರಾಸು?”

“ಒಬ್ಬರಿಗೂ ಇಲ್ರಿ. ಅಲ್ಲಿ ಯಾರೂ ಇಲ್ಲ.”

“ನೀ ನೋಡಿಯೇನು?”

“ಒಡ್ಡಿನ ರಸ್ತೆ ಮ್ಯಾಲಿಂದ ಜೀಪಿನ್ಯಾಗ ನೋಡೀನ್ರಿ. ಬರೇ ಜಾಲಿ ಕಂಟಿ.”

ಗುರುಗಳು ಎದ್ದು ಹೋಗಿ ಒಂದು ತಂಬಿಗೆ ತಂದು ಅವಳ ಕೈಗಿಟ್ಟರು.

“ಯಾರೂ ಇಲ್ಲದ ಆ ಜಾಗಕ್ಕ ಹೋಗಿ, ನನಗ ಒಂದು ತಂಬಿಗಿ ಮಜ್ಜಿಗಿ ಇಸಗೊಂಡು ಬಾ.”

“ಯಾರೂ ಇಲ್ಲದಲ್ಲಿ ಯಾರು ಕೊಡ್ತಾರ್ರಿ?”

“ಕೊಡದಿದ್ರ ಖಾಲಿ ತಂಬಿಗಿ ತಗೊಂಡು ಬಾ. ನಿನ್ನ ಹೆದರಿಕಿ ಅಷ್ಟಕ್ಕ ಹೋಗತೈತಿ.”

ಗುರುಗಳ ಮಾತು ಮೀರುವಂತಿಲ್ಲ. ನೀಲಾಂಬಿಕೆ ಗಡಿಯಾರ ನೋಡಿಕೊಳ್ಳುತ್ತಲೇ ದಂಡೆಯುದ್ದಕ್ಕೂ ಅರ್ಧ ನಡೆದು ಅರ್ಧ ಓಡಿದಳು. ಚೀಲದಲ್ಲಿ ಫೋನು ಬಡಿದುಕೊಂಡಿತು. ಪಂಚಾಯಿತಿ ಅಧ್ಯಕ್ಷರು. ಅವಳು ಎತ್ತಲಿಲ್ಲ. ಜಾಲಿ ಮುಳ್ಳು ಸೀರೆ ಹಿಡಿದು ಜಗ್ಗಿತು. ವಯಸ್ಸಾದ ಮೇಲೆ ಗುರುಗಳಿಗೆ ಹುಡುಗಾಟ ಹೆಚ್ಚಾಗಿದೆ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಅಷ್ಟರಲ್ಲಿ ನಾಯಿ ಬೊಗಳಿತು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಕಂಟಿಯ ಹಿಂದೆ ಗುಡಿಸಲುಗಳಿದ್ದವು. ಮೂವತ್ತರವರೆಗೆ ಎಣಿಸಿದಳು. ಮುಂದೆ ಎಣಿಸಲು ಧೈರ್ಯ ಸಾಲಲಿಲ್ಲ.

“ಯಾರ ಮನಿ ಮಗಳವ್ವಾ? ಯಾಕ ಹೊರಗ ನಿಂತಿ?” ಎಂದಳು ಒಬ್ಬ ಮುದುಕಿ.

ನೀಲಾಂಬಿಕೆ ತಂಬಿಗೆ ಮುಂದೆ ಹಿಡಿದಳು. ಮುದುಕಿ ಮತ್ತೇನೂ ಕೇಳದೆ ಮಜ್ಜಿಗೆ ತುಂಬಿಸಿ, ಚಿಟಿಕೆ ಉಪ್ಪು ಹಾಕಿದಳು.

“ಇಲ್ಲಿಗೆ ಬಂದು ಎಷ್ಟು ದಿನಾ ಆತು, ಆಯಿ?”

“ನಮ್ಮ ಸಣ್ಣ ಮಗ ಹುಟ್ಟಿದ್ದ ಇಲ್ಲೇ. ಅವಗ ಈಗ ಎರಡು ಮಕ್ಕಳು.”

ಆಶ್ರಮಕ್ಕೆ ಮರಳಿ, ತಂಬಿಗೆ ಗುರುಗಳ ಮುಂದಿಟ್ಟು, ನೆಲದ ಮೇಲೇ ಕೂತು ಅವಳು ಲ್ಯಾಪ್‌ಟಾಪ್ ತೆರೆದಳು. ಮನೆಗಳ ಪಟ್ಟಿ ಮನೆ ತೆರಿಗೆಯ ವಹಿಯಿಂದ ಬಂದದ್ದು. ಆ ವಹಿ ಜಾಲಿ ಕಂಟಿ ದಾಟಿ ಹೋಗಿರಲೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ತಗ್ಗಿನ ಎದುರು ಏನೂ ಬರೆದಿರಲಿಲ್ಲ, ಖಾಲಿ. ನೀರಿನ ಲೆಕ್ಕಕ್ಕೆ ಖಾಲಿ ಬಿಟ್ಟರೆ ಆಗುತ್ತಿರಲಿಲ್ಲ, ನಡುವೆಯೇ ನಿಂತುಬಿಡುತ್ತಿತ್ತು. ಜೋಡಿಸುವ ಕೆಲಸದ ನಡುವೆ ಒಂದು ಸಂಜೆ ಬೇಸತ್ತು ಅವಳೇ ಒಂದು ಸಾಲು ಬರೆದಿದ್ದಳು: ಖಾಲಿ ಇದ್ದಲ್ಲಿ ಸೊನ್ನೆ ಹಿಡಿ. ಅಂದಿನಿಂದ ಯಂತ್ರ ಒಮ್ಮೆಯೂ ನಿಂತಿರಲಿಲ್ಲ.

“ನಾನ ಬರದದ್ದು, ಅಜ್ಜಾರ,” ಎಂದಳು. ಅಳು ಬಂತು. “ಅಷ್ಟೂ ಮನಿ ನನ್ನ ಕೈಯಾರೆ ಅಳಿಸೀನಿ.”

ಗುರುಗಳು ಮಜ್ಜಿಗೆ ಕುಡಿದರು.

“ಈಗ ಒಂಬತ್ತೂವರಿ ಆತು. ಆ ಮನಿಗಳನ್ನ ಪಟ್ಟಿಯೊಳಗ ತುಂಬಿ ಒಯ್ಯಲೇನ್ರಿ? ಆದ್ರ ಇಂಥಾ ಖಾಲಿ ಜಾಗ ಇನ್ನೂ ಎಷ್ಟು ಅದಾವೋ. ಉಳಿದ ಎರಡು ದಾರಿ ಲೆಕ್ಕಾನೂ ಸುಳ್ಳು ಇರಬಹುದು.”

“ಇರಬಹುದು.”

“ಹಂಗಂತ ಸಭೆಯೊಳಗ ಹೇಳಿದ್ರ ನನ್ನ ಮರ್ಯಾದಿ ಹೋಗತೈತಿ. ಅದು ಹೋಗ್ಲಿ. ಈ ಯಂತ್ರಾನ ಮೂಲಿಗೆ ಒಗೀತಾರ. ಆಮ್ಯಾಲೆ ಅಧ್ಯಕ್ಷರು ಮೊದಲಿನಂಗ ತಮಗ ಬೇಕಾದ ಕಡೆ ಗೆರಿ ಎಳೀತಾರ. ಹೇಳದಿದ್ರ ಇಂಥಾ ಮಂದಿ ಇನ್ನೆಲ್ಲೋ ಮುಳುಗತಾರ. ನಾ ಏನ್ ಹೇಳ್ಲಿ, ಅಜ್ಜಾರ?”

ಗುರುಗಳು ತಂಬಿಗೆ ತೊಳೆದು ಬೋರಲು ಹಾಕಿದರು.

“ನಿನ್ನ ಯಂತ್ರಕ್ಕ ‘ಗೊತ್ತಿಲ್ಲ’ ಅನ್ನಾಕ ಬರೂದಿಲ್ಲ, ನೀಲವ್ವಾ. ನಿನಗ ಬರತೈತೇನು?”